ಸ್ಪ್ರೂಯನ್ಸ್ ಅಂಜಿದರಾ? ಶತ್ರುವನ್ನು ಬೆನ್ನಟ್ಟದ ಎರಡು ರಾತ್ರಿಗಳ ಬಗ್ಗೆ

ಪ್ರಶ್ನೆ: ಎರಡನೇ ಮಹಾಯುದ್ಧದ ನೌಕಾ ಕದನಗಳ ಬಗ್ಗೆ ಓದುತ್ತಿದ್ದೇನೆ. ಅಮೆರಿಕದ ಅಡ್ಮಿರಲ್ ರೇಮಂಡ್ ಸ್ಪ್ರೂಯನ್ಸ್ 1942ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಬಳಿಯ ಕದನ ಗೆದ್ದ ದಿನವೇ ರಾತ್ರಿ ತಮ್ಮ ಹಡಗುಗಳನ್ನು ಹಿಂದಕ್ಕೆ ತಿರುಗಿಸಿದರು. ಎರಡು ವರ್ಷದ ಮೇಲೆ ಫಿಲಿಪ್ಪೀನ್ ಸಮುದ್ರದಲ್ಲೂ ಜಪಾನಿನ ಹಡಗುಗಳತ್ತ ನುಗ್ಗದೆ ಕಾದು ನಿಂತರು. ಅವರು ಸ್ವಭಾವದಲ್ಲೇ ಅಂಜುವವರಾ? ಇನ್ನೊಬ್ಬ ಅಡ್ಮಿರಲ್ ಹಾಲ್ಸಿಗೆ ಸಿಕ್ಕ ಐದು ನಕ್ಷತ್ರ, ಅಂದರೆ ನೌಕಾಪಡೆಯ ಅತಿ ದೊಡ್ಡ ಪದವಿ, ಅವರಿಗೆ ಸಿಗದಿದ್ದಕ್ಕೆ ಇದೇ ಕಾರಣವಾ? ಅವರ ಬದುಕಿನ ಬಗ್ಗೆಯೂ ಸ್ವಲ್ಪ ಹೇಳಿ.

ಉತ್ತರ: ಇಲ್ಲ, ಅವರು ಅಂಜುವವರಲ್ಲ. ಆದರೆ ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಅವರ ಕೈಕೆಳಗೇ ಹೋರಾಡಿದ ನೌಕಾಪಡೆಯ ವಿಮಾನ ವಿಭಾಗದ ಅಧಿಕಾರಿಗಳು 1944ರಲ್ಲಿ ಇದೇ ಪ್ರಶ್ನೆ ಕೇಳಿದ್ದರು, ಅದೂ ಸಿಟ್ಟಿನಿಂದ. ನನ್ನ ಉತ್ತರ ಇಷ್ಟು: ಆ ಎರಡೂ ರಾತ್ರಿ ಸ್ಪ್ರೂಯನ್ಸ್ ತಮಗೆ ಒಪ್ಪಿಸಿದ ಕೆಲಸ ಯಾವುದು ಅನ್ನುವುದನ್ನು ಮೊದಲು ನೋಡಿದರು. ಎಷ್ಟು ಹಡಗು ಮುಳುಗಿಸಬಹುದು ಅನ್ನುವುದು ಅವರಿಗೆ ಆಮೇಲಿನ ಮಾತಾಗಿತ್ತು. ಈ ಅಭ್ಯಾಸ ಅವರಿಗೆ ಎಲ್ಲಿಂದ ಬಂತು ಅನ್ನುವುದನ್ನು ತಿಳಿಯಲು ಅವರ ಬದುಕಿನಿಂದಲೇ ಶುರು ಮಾಡಬೇಕು.

ರೇಮಂಡ್ ಏಮ್ಸ್ ಸ್ಪ್ರೂಯನ್ಸ್ ಹುಟ್ಟಿದ್ದು 1886ರ ಜುಲೈ 3ರಂದು, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ. ಬೆಳೆದದ್ದು ಹೆಚ್ಚಾಗಿ ಇಂಡಿಯಾನ ರಾಜ್ಯದ ಇಂಡಿಯಾನಾಪೊಲಿಸ್‌ನಲ್ಲಿ, ಸಮುದ್ರದಿಂದ ಬಲು ದೂರದ ಊರು. ನಡುವೆ ಕೆಲವು ವರ್ಷ ನ್ಯೂಜೆರ್ಸಿಯಲ್ಲಿ ಅಜ್ಜಿಯ ಮನೆಯಲ್ಲಿದ್ದರು. 1906ರಲ್ಲಿ ಅನಾಪೊಲಿಸ್ ನೌಕಾ ಅಕಾಡೆಮಿಯಿಂದ ಹೊರಬಂದರು. ಮರುವರ್ಷ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 16 ದೊಡ್ಡ ಯುದ್ಧನೌಕೆಗಳನ್ನು ಬಿಳಿ ಬಣ್ಣ ಬಳಿಸಿ ಲೋಕ ಸುತ್ತಲು ಕಳಿಸಿದರಲ್ಲ, ಅದರಲ್ಲಿ ಒಂದಾದ ಮಿನೆಸೋಟ ಹಡಗಿನಲ್ಲಿ ಇವರೂ ಇದ್ದರು. 1908ರ ಅಕ್ಟೋಬರ್‌ನಲ್ಲಿ ಆ ಪಡೆ ಯೊಕೊಹಾಮಕ್ಕೂ ಹೋಯಿತು. ಮೂರು ವರ್ಷದ ಹಿಂದಷ್ಟೇ ಟ್ಸುಶಿಮಾದಲ್ಲಿ ರಷ್ಯದ ನೌಕಾಪಡೆಯನ್ನು ಪುಡಿಗಟ್ಟಿದ್ದ ಜಪಾನ್ ಅದು. ಅಡ್ಮಿರಲ್ ಟೋಗೊ ಅವಸರಪಡದೆ, ರಷ್ಯದ ಹಡಗುಗಳು ತಮ್ಮ ಹತ್ತಿರಕ್ಕೇ ಬರುವವರೆಗೆ ಕಾದು ಹೊಡೆದ ರೀತಿ ಸ್ಪ್ರೂಯನ್ಸ್ ಮನಸ್ಸಿನಲ್ಲಿ ಕೊನೆವರೆಗೂ ಉಳಿಯಿತು. ಅದನ್ನು ಅವರೇ ಹೇಳಿಕೊಂಡಿದ್ದಾರೆ.

ಮುಂದಿನ ಮೂವತ್ತು ವರ್ಷದಲ್ಲಿ ಸುದ್ದಿಯಾಗುವಂಥದ್ದೇನೂ ಇಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ತರಬೇತಿ ಪಡೆದರು. ಚೀನಾದ ಕಡಲಲ್ಲಿದ್ದ ಬೇನ್‌ಬ್ರಿಜ್ ಎಂಬ ಸಣ್ಣ ಡಿಸ್ಟ್ರಾಯರ್ (ವೇಗದ ಚಿಕ್ಕ ಯುದ್ಧನೌಕೆ) ಅವರು ನಾಯಕರಾಗಿ ನಡೆಸಿದ ಮೊದಲ ಹಡಗು. 1914ರಲ್ಲಿ ಮಾರ್ಗರೆಟ್ ಡೀನ್ ಅವರನ್ನು ಮದುವೆಯಾದರು, ಒಬ್ಬ ಮಗ, ಒಬ್ಬಳು ಮಗಳು. 1920ರ ದಶಕದ ಆರಂಭದಲ್ಲಿ ಡಿಸ್ಟ್ರಾಯರ್ ಪಡೆಯಲ್ಲಿದ್ದಾಗ ವಿಲಿಯಂ ಹಾಲ್ಸಿ ಜೊತೆ ಗೆಳೆತನ ಬೆಳೆಯಿತು. ಹಾಲ್ಸಿ ಎಂದರೆ ದೊಡ್ಡ ದನಿ, ದೊಡ್ಡ ನಗು, ಪತ್ರಕರ್ತರಿಗೆ ಹಬ್ಬ. ಸ್ಪ್ರೂಯನ್ಸ್ ಪೂರಾ ಉಲ್ಟಾ. ಮಾತು ಕಮ್ಮಿ. ಸಿಗರೇಟು ಇಲ್ಲ, ಕುಡಿತ ಇಲ್ಲವೆನ್ನುವಷ್ಟು ಕಮ್ಮಿ. ಯುದ್ಧದ ನಡುವೆಯೂ ಬೇಗ ಮಲಗುತ್ತಿದ್ದರು. ಹಡಗಿನ ಡೆಕ್ ಮೇಲೆ ದಿನಾ ಮೈಲಿಗಟ್ಟಲೆ ನಡೆಯುತ್ತಿದ್ದರು. ಅವರ ಹತ್ತಿರ ಏನಾದರೂ ಚರ್ಚೆ ಮಾಡಬೇಕಾದರೆ ಅಧಿಕಾರಿಗಳೂ ಜೊತೆಗೆ ಹೆಜ್ಜೆ ಹಾಕಬೇಕಿತ್ತು. ಇಷ್ಟು ಬೇರೆ ಬೇರೆಯಾದ ಇಬ್ಬರ ಗೆಳೆತನ ಕೊನೆವರೆಗೂ ಗಟ್ಟಿಯಾಗಿತ್ತು. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಬರೆಯುವವರು ಇದನ್ನು ಮರೆಯುತ್ತಾರೆ.

ಅವರನ್ನು ನಿಜವಾಗಿ ರೂಪಿಸಿದ್ದು ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್‌ನಲ್ಲಿರುವ ನೇವಲ್ ವಾರ್ ಕಾಲೇಜು ಅನ್ನುವುದು ನನ್ನ ನಂಬಿಕೆ. 1926–27ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದರು. 1930ರ ದಶಕದಲ್ಲಿ ಎರಡು ಸಲ ಅಲ್ಲೇ ಕಲಿಸಲು ಹೋದರು. ಅಲ್ಲಿ ಹಡಗುಗಳ ಪುಟ್ಟ ಮಾದರಿಗಳನ್ನು ನೆಲದ ಮೇಲೆ ಸರಿಸುತ್ತಾ ಇಡೀ ಕದನಗಳನ್ನು ಆಡಿ ನೋಡುತ್ತಿದ್ದರು. ಜಪಾನ್ ಜೊತೆಗಿನ ಯುದ್ಧವನ್ನೇ ಮತ್ತೆ ಮತ್ತೆ ಆಡುತ್ತಿದ್ದರು. ಪ್ರತಿ ಸಲವೂ ಅಧಿಕಾರಿ ಮೊದಲು ಬರೆಯಬೇಕಿದ್ದದ್ದು: ನನ್ನ ಗುರಿ ಏನು? ಆಮೇಲೆ: ಶತ್ರುವಿನ ಕೈಲಿ ಏನೇನು ಮಾಡಲು ಸಾಧ್ಯ? ಅವನು ಏನು ಮಾಡಬಹುದು ಅನ್ನುವ ಊಹೆ ಸಾಲದು, ಅವನ ಶಕ್ತಿಗೆ ಎಟಕುವುದೆಲ್ಲವನ್ನೂ ಲೆಕ್ಕ ಹಾಕಬೇಕು. ನೀವು ಕೇಳಿದ ಎರಡೂ ರಾತ್ರಿಗಳಲ್ಲಿ ಈ ಪಾಠದ ಗುರುತು ಕಾಣುತ್ತದೆ.

ಈಗ ಮಿಡ್‌ವೇಗೆ ಬರೋಣ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಸ್ಪ್ರೂಯನ್ಸ್ ರಿಯರ್ ಅಡ್ಮಿರಲ್. ಹಾಲ್ಸಿಯ ಎಂಟರ್‌ಪ್ರೈಸ್ ವಿಮಾನವಾಹಕ ಹಡಗಿಗೆ ಕಾವಲಾಗಿದ್ದ ಕ್ರೂಸರ್‌ಗಳು (ಮಧ್ಯಮ ಗಾತ್ರದ ಯುದ್ಧನೌಕೆಗಳು) ಅವರ ಕೈಕೆಳಗಿದ್ದವು. ಪೈಲಟ್ ಅಲ್ಲ, ವಿಮಾನವಾಹಕ ಹಡಗನ್ನು ಒಮ್ಮೆಯೂ ನಡೆಸಿದವರಲ್ಲ. 1942ರ ಮೇ 26ರಂದು ಹಾಲ್ಸಿ ಪರ್ಲ್ ಹಾರ್ಬರ್‌ಗೆ ಮರಳಿದಾಗ ಮೈತುಂಬಾ ಚರ್ಮರೋಗ, ತುರಿಕೆಯಿಂದ ನಿದ್ದೆಯಿಲ್ಲ. ಆಸ್ಪತ್ರೆ ಸೇರಲೇಬೇಕಾಯಿತು. ನಿನ್ನ ಜಾಗಕ್ಕೆ ಯಾರು ಎಂದು ಪೆಸಿಫಿಕ್ ಪಡೆಯ ಮುಖ್ಯಸ್ಥ ನಿಮಿಟ್ಜ್ ಕೇಳಿದಾಗ ಹಾಲ್ಸಿ ಹೇಳಿದ್ದು ಸ್ಪ್ರೂಯನ್ಸ್ ಹೆಸರನ್ನೇ. ಕದನಕ್ಕೆ ಉಳಿದಿದ್ದು ಬರೀ 9 ದಿನ. ಸಿಬ್ಬಂದಿ ಹಾಲ್ಸಿಯವರು, ಹಡಗು ಹಾಲ್ಸಿಯದು, ಯೋಜನೆ ಮಾತ್ರ ಹೊಸದು.

ಜೋಸೆಫ್ ರೋಚ್‌ಫೋರ್ಟ್ ಅವರ ಗುಂಪು ಜಪಾನಿನ ಗೂಢಲಿಪಿಯನ್ನು ಭಾಗಶಃ ಒಡೆದಿದ್ದರಿಂದ ಶತ್ರು ಎಲ್ಲಿಗೆ, ಯಾವಾಗ ಬರುತ್ತಾನೆ ಅನ್ನುವುದು ಗೊತ್ತಿತ್ತು. ಅಮೆರಿಕದ ಕಡೆ ಮೂರು ವಿಮಾನವಾಹಕಗಳು: ಸ್ಪ್ರೂಯನ್ಸ್ ಬಳಿ ಎಂಟರ್‌ಪ್ರೈಸ್ ಮತ್ತು ಹಾರ್ನೆಟ್, ಅವರಿಗಿಂತ ಹಿರಿಯರಾದ ಫ್ರಾಂಕ್ ಜ್ಯಾಕ್ ಫ್ಲೆಚರ್ ಬಳಿ ಯಾರ್ಕ್‌ಟೌನ್. ಜಪಾನಿನ ಕಡೆ ನಾಲ್ಕು: ಅಕಾಗಿ, ಕಾಗಾ, ಸೊರ್ಯು, ಹಿರ್ಯು. ನಿಮಿಟ್ಜ್ ಇಬ್ಬರಿಗೂ ಕೊಟ್ಟ ಸೂಚನೆಯಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು. ಲೆಕ್ಕ ಹಾಕಿ ಅಪಾಯಕ್ಕೆ ಇಳಿಯಿರಿ. ಶತ್ರುವಿಗೆ ನಮಗಿಂತ ಹೆಚ್ಚು ಪೆಟ್ಟು ಬೀಳುತ್ತದೆ ಅನ್ನುವ ಭರವಸೆ ಇಲ್ಲದೆ, ಅವನ ದೊಡ್ಡ ಪಡೆಗೆ ನಮ್ಮ ಹಡಗುಗಳನ್ನು ಒಡ್ಡಬೇಡಿ.

ಜೂನ್ 4ರ ಬೆಳಿಗ್ಗೆ ಸ್ಪ್ರೂಯನ್ಸ್ ಮಾಡಿದ್ದನ್ನು ನೋಡಿ. ಶತ್ರು ಕಂಡ ಸುದ್ದಿ ಬಂದಾಗ ದೂರ ಜಾಸ್ತಿಯೇ ಇತ್ತು. ಇನ್ನಷ್ಟು ಹತ್ತಿರ ಹೋಗಿ ವಿಮಾನ ಬಿಟ್ಟರೆ ಪೈಲಟ್‌ಗಳಿಗೆ ವಾಪಸ್ಸು ಬರಲು ಇಂಧನ ಸಾಕಾಗುತ್ತಿತ್ತು. ಆದರೆ ಅಷ್ಟರಲ್ಲಿ ಜಪಾನಿಗೂ ಇವರು ಕಂಡುಬಿಡುತ್ತಿದ್ದರು. ಬೆಳಿಗ್ಗೆ 7ರ ಸುಮಾರಿಗೆ ಅವರು ಇದ್ದಬದ್ದ ವಿಮಾನಗಳನ್ನೆಲ್ಲ ಒಟ್ಟಿಗೆ ಬಿಡಲು ಹೇಳಿದರು. ಎಲ್ಲವೂ ಮೇಲೇರಿ ಒಂದುಗೂಡಲು ತಡವಾದಾಗ, 7.45ಕ್ಕೆ ವೇಡ್ ಮೆಕ್ಲಸ್ಕಿ ನಾಯಕತ್ವದ ಡೈವ್ ಬಾಂಬರ್‌ಗಳಿಗೆ (ಮೇಲಿಂದ ಧುಮುಕಿ ಬಾಂಬು ಹಾಕುವ ವಿಮಾನಗಳಿಗೆ) ಉಳಿದವರಿಗೆ ಕಾಯದೆ ಹೊರಡಿ ಎಂದು ಸೂಚಿಸಿದರು. ಇದರ ಬೆಲೆ ಏನೆಂದು ಅವರಿಗೆ ಗೊತ್ತಿತ್ತು. ಬೆಂಗಾವಲು ವಿಮಾನಗಳಿಲ್ಲದೆ ಹೋದ ಹಾರ್ನೆಟ್‌ನ ಟಾರ್ಪೆಡೊ (ನೀರೊಳಗೆ ಓಡಿ ಹಡಗಿಗೆ ಬಡಿಯುವ ಸಿಡಿಗುಂಡು) ದಳದ 15 ವಿಮಾನಗಳಲ್ಲಿ ಒಂದೂ ಮರಳಲಿಲ್ಲ. ಅದರಲ್ಲಿದ್ದ 30 ಜನರಲ್ಲಿ ಬದುಕಿದ್ದು ಒಬ್ಬರೇ, ಜಾರ್ಜ್ ಗೇ. ತಮಗೆ ಹೇಳಿದ್ದ ಜಾಗದಲ್ಲಿ ಶತ್ರು ಕಾಣದಿದ್ದರೂ ಮೆಕ್ಲಸ್ಕಿ ಹುಡುಕಾಟ ಬಿಡಲಿಲ್ಲ. ಒಂಟಿಯಾಗಿ ವೇಗವಾಗಿ ಸಾಗುತ್ತಿದ್ದ ಅರಾಶಿ ಎಂಬ ಜಪಾನಿ ಡಿಸ್ಟ್ರಾಯರ್‌ನ ಜಾಡು ಹಿಡಿದು ಹೋದರು. 10.20ರ ನಂತರ ಕೆಲವೇ ನಿಮಿಷಗಳಲ್ಲಿ ಅವರ ವಿಮಾನಗಳೂ ಯಾರ್ಕ್‌ಟೌನ್‌ನ ವಿಮಾನಗಳೂ ಸೇರಿ ಮೂರು ವಿಮಾನವಾಹಕಗಳಿಗೆ ಬೆಂಕಿ ಹಚ್ಚಿದವು. ಸಂಜೆ ಹಿರ್ಯು ಕೂಡ ಹೊತ್ತಿ ಉರಿಯಿತು.

ಅಂಜುವ ಮನುಷ್ಯ ಆ ಬೆಳಗಿನ ತೀರ್ಮಾನ ತೆಗೆದುಕೊಳ್ಳುವುದಿಲ್ಲ. ಇಡೀ ದಾಳಿಯನ್ನು, ವಾಪಸ್ಸು ಬರುವುದೇ ಅನುಮಾನವಿದ್ದ ದೂರದಿಂದ, ಒಂದೇ ಏಟಿಗೆ ಪಣಕ್ಕಿಟ್ಟವರು ಅವರು. ಸ್ಪ್ರೂಯನ್ಸ್ ಬಗ್ಗೆ ಮಾತಾಡುವಾಗ ರಾತ್ರಿಯನ್ನು ಮಾತ್ರ ನೆನೆದು ಬೆಳಗನ್ನು ಬಿಡುವುದು ಅನ್ಯಾಯ.

ಇನ್ನು ಆ ರಾತ್ರಿ. ಹಿರ್ಯುವಿನ ವಿಮಾನಗಳಿಂದ ಪೆಟ್ಟು ತಿಂದ ಯಾರ್ಕ್‌ಟೌನ್ ಬಿಟ್ಟು ಫ್ಲೆಚರ್ ಅಸ್ಟೋರಿಯ ಎಂಬ ಕ್ರೂಸರ್‌ಗೆ ಬಂದಿದ್ದರು. ಕದನದ ಹೊಣೆಯನ್ನು ದೊಡ್ಡ ಮನಸ್ಸಿನಿಂದ ಸ್ಪ್ರೂಯನ್ಸ್‌ಗೆ ಬಿಟ್ಟುಕೊಟ್ಟರು. ಸ್ಪ್ರೂಯನ್ಸ್ ನಡುರಾತ್ರಿವರೆಗೆ ಪೂರ್ವಕ್ಕೆ ಸರಿದು, ಮತ್ತೆ ತಿರುಗಿ ಬೆಳಗಿನ ಹೊತ್ತಿಗೆ ಮಿಡ್‌ವೇಗೆ ಆಸರೆಯಾಗುವ ಜಾಗಕ್ಕೆ ಬಂದರು. ತಮ್ಮ ವರದಿಯಲ್ಲಿ ಕಾರಣವನ್ನೂ ಬರೆದರು: ತಮಗಿಂತ ಬಲವಾದ ಪಡೆ ಎದುರಾಗಬಹುದಾದ ರಾತ್ರಿ ಕಾಳಗಕ್ಕೆ ಇಳಿಯುವುದು ಸರಿ ಅನ್ನಿಸಲಿಲ್ಲ, ಹಾಗೆಂದು ಬೆಳಿಗ್ಗೆ ಮಿಡ್‌ವೇಯಿಂದ ದೂರ ಇರುವುದೂ ಬೇಕಿರಲಿಲ್ಲ.

ಅವರ ಊಹೆ ನಿಜವಾಗಿತ್ತು. ಅದೇ ರಾತ್ರಿ ಜಪಾನಿನ ನೌಕಾಪಡೆಯ ನಾಯಕ ಯಮಾಮೊಟೊ ತಮ್ಮ ದೊಡ್ಡ ಫಿರಂಗಿ ಹಡಗುಗಳನ್ನು ಪೂರ್ವಕ್ಕೆ ಓಡಿಸುತ್ತಿದ್ದರು, ಕತ್ತಲಲ್ಲಿ ಅಮೆರಿಕನ್ನರನ್ನು ಹಿಡಿಯಲೆಂದೇ. ನಸುಕಿಗೆ ಮುಂಚೆ ಆಸೆ ಬಿಟ್ಟು ಕಾರ್ಯಾಚರಣೆ ರದ್ದು ಮಾಡಿದರು. ಜಪಾನಿನ ನೌಕಾಪಡೆ ರಾತ್ರಿ ಕಾಳಗಕ್ಕೆಂದೇ ವರ್ಷಗಟ್ಟಲೆ ಪಳಗಿತ್ತು. ಅವರ ಟಾರ್ಪೆಡೊಗಳು ಆ ಕಾಲದಲ್ಲಿ ಲೋಕದಲ್ಲೇ ಉತ್ತಮವಾದವು. ವಿಮಾನವಾಹಕ ಹಡಗಿಗೆ ರಾತ್ರಿಯಲ್ಲಿ ಅದರ ಆಯುಧವೇ ಇಲ್ಲ, ಏಕೆಂದರೆ ಆಗಿನ ವಿಮಾನಗಳು ಕತ್ತಲಲ್ಲಿ ದಾಳಿ ಮಾಡಲು ಸಿದ್ಧವಿರಲಿಲ್ಲ. ಸ್ಪ್ರೂಯನ್ಸ್ ಮುನ್ನುಗ್ಗಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಎರಡು ತಿಂಗಳ ನಂತರದ ಒಂದು ಘಟನೆ ನೋಡಬಹುದು. ಆಗಸ್ಟ್ 9ರ ನಸುಕಿನಲ್ಲಿ ಸಾವೊ ದ್ವೀಪದ ಬಳಿ ಜಪಾನಿನ ಕ್ರೂಸರ್‌ಗಳು ಮಿತ್ರಪಡೆಗಳ ನಾಲ್ಕು ಭಾರೀ ಕ್ರೂಸರ್‌ಗಳನ್ನು ಕಡಲ ತಳಕ್ಕೆ ಕಳಿಸಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಳುಗಿದ ಹಡಗುಗಳಲ್ಲಿ ಅದೇ ಅಸ್ಟೋರಿಯ ಕೂಡ ಒಂದು.

ಮರುದಿನಗಳಲ್ಲಿ ಅವರು ಬೆನ್ನಟ್ಟಿದರು ಕೂಡ. ಜೂನ್ 5ರಂದು ಹಾಲ್ಸಿಯ ಚೀಫ್ ಆಫ್ ಸ್ಟಾಫ್ (ಯೋಜನೆ ನೋಡಿಕೊಳ್ಳುವ ಮುಖ್ಯ ಸಹಾಯಕ) ಮೈಲ್ಸ್ ಬ್ರೌನಿಂಗ್ ಹಾಕಿದ ದಾಳಿ ಯೋಜನೆಗೆ ಪೈಲಟ್‌ಗಳು ಪ್ರತಿಭಟಿಸಿದರು. ಅಷ್ಟು ಭಾರದ ಬಾಂಬು ಹೊತ್ತು ಅಷ್ಟು ದೂರ ಹೋದರೆ ಇಂಧನ ಸಾಲದು ಎಂದು ವಾದಿಸಿದರು. ಸ್ಪ್ರೂಯನ್ಸ್ ಕೇಳಿಸಿಕೊಂಡು, ಪೈಲಟ್‌ಗಳು ಹೇಳಿದಂತೆಯೇ ಆಗಲಿ ಎಂದರು. ಆ ಸಂಜೆ ವಿಮಾನಗಳು ಕತ್ತಲಾದ ಮೇಲೆ ಮರಳಿದಾಗ, ಸುತ್ತ ಸಬ್‌ಮರೀನ್ ಭಯವಿದ್ದರೂ ಹಡಗುಗಳ ದೀಪ ಹಚ್ಚಿಸಿದರು. ಜೂನ್ 6ರಂದು ಮಿಕುಮಾ ಎಂಬ ಭಾರೀ ಕ್ರೂಸರ್ ಮುಳುಗಿತು. ಆಮೇಲೆ ಇಂಧನ ಕಮ್ಮಿಯಾಗುತ್ತಾ ಬಂತು. ಪಶ್ಚಿಮಕ್ಕೆ ಹೋದಷ್ಟೂ ವೇಕ್ ದ್ವೀಪದ ಜಪಾನಿ ವಿಮಾನಗಳು ಹತ್ತಿರವಾಗುತ್ತಿದ್ದವು. ಅಲ್ಲಿಗೆ ನಿಲ್ಲಿಸಿ ತಿರುಗಿದರು.

ಮಿಡ್‌ವೇ ನಂತರ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಪರ್ಲ್ ಹಾರ್ಬರ್‌ನಲ್ಲಿ ನಿಮಿಟ್ಜ್ ಅವರ ಚೀಫ್ ಆಫ್ ಸ್ಟಾಫ್ ಆಗಿದ್ದರು. ಇಬ್ಬರೂ ಒಂದೇ ಮನೆಯಲ್ಲಿ ಇದ್ದರು, ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದರು. ನಿಮಿಟ್ಜ್ ಏನು ಯೋಚಿಸುತ್ತಾರೆ ಅನ್ನುವುದು ಸ್ಪ್ರೂಯನ್ಸ್‌ಗೆ ಹೇಳದೆಯೇ ತಿಳಿಯುವಷ್ಟಾಯಿತು. 1943ರ ಆಗಸ್ಟ್‌ನಲ್ಲಿ ಮಧ್ಯ ಪೆಸಿಫಿಕ್ ಪಡೆ ಅವರ ಕೈಗೆ ಬಂತು. ಮುಂದೆ ಇದಕ್ಕೆ ಐದನೇ ಫ್ಲೀಟ್ ಎಂದು ಹೆಸರಾಯಿತು.

ಮೊದಲ ಕೆಲಸವೇ ರಕ್ತದಲ್ಲಿ ನೆನೆಯಿತು. 1943ರ ನವೆಂಬರ್ 20ರಂದು ತರಾವಾ ದ್ವೀಪದಲ್ಲಿ ಮರೀನ್ ಸೈನಿಕರು ಇಳಿದಾಗ ಹವಳದ ದಿಬ್ಬದ ಮೇಲೆ ನೀರು ಸಾಕಷ್ಟಿರಲಿಲ್ಲ. ದೋಣಿಗಳು ಸಿಕ್ಕಿಹಾಕಿಕೊಂಡವು. ಜನ ಎದೆಮಟ್ಟದ ನೀರಲ್ಲಿ ಗುಂಡಿನ ಮಳೆಗೆ ಎದುರಾಗಿ ನಡೆಯಬೇಕಾಯಿತು. ಮೂರೇ ದಿನದಲ್ಲಿ ಸುಮಾರು ಸಾವಿರ ಅಮೆರಿಕನ್ನರು ಸತ್ತರು. ಅಲ್ಲಿದ್ದ 4,700ರಷ್ಟು ಜಪಾನಿ ಮತ್ತು ಕೊರಿಯನ್ ಜನರಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ. ಇದರ ಹೊಣೆ ಪೂರಾ ಅವರದಲ್ಲ, ಆದರೆ ಹೊಣೆಯಿಂದ ಅವರು ಹೊರಗೂ ಇಲ್ಲ. ಮುಂಚಿನ ಫಿರಂಗಿ ದಾಳಿ ತೀರಾ ಚಿಕ್ಕದಾಗಿತ್ತು. ಜನವರಿ ಕೊನೆಯಲ್ಲಿ ಕ್ವಾಜಲೀನ್‌ಗೆ ಹೋಗುವ ಹೊತ್ತಿಗೆ ಆ ಪಾಠ ಕಲಿತಿದ್ದರು. ಅಲ್ಲಿ ಫಿರಂಗಿ ದಾಳಿ ಎಷ್ಟೋ ಹೆಚ್ಚಾಗಿತ್ತು, ಸತ್ತವರ ಸಂಖ್ಯೆ ಎಷ್ಟೋ ಕಮ್ಮಿ. 1944ರ ಫೆಬ್ರವರಿಯಲ್ಲಿ ಜಪಾನಿನ ದೊಡ್ಡ ನೆಲೆ ಟ್ರುಕ್ ಮೇಲೆ ದಾಳಿ ನಡೆದಾಗ ಸ್ಪ್ರೂಯನ್ಸ್ ತಾವೇ ನ್ಯೂಜೆರ್ಸಿ ಹಡಗಿನಲ್ಲಿ ದ್ವೀಪವನ್ನು ಸುತ್ತಿ, ತಪ್ಪಿಸಿಕೊಳ್ಳುತ್ತಿದ್ದ ಹಡಗುಗಳನ್ನು ಅಡ್ಡಗಟ್ಟಿದರು. ಅದೇ ತಿಂಗಳು ನಾಲ್ಕು ನಕ್ಷತ್ರದ ಅಡ್ಮಿರಲ್ ಆದರು.

ಈಗ ನಿಮ್ಮ ಎರಡನೇ ರಾತ್ರಿ, ಫಿಲಿಪ್ಪೀನ್ ಸಮುದ್ರದಲ್ಲಿ, 1944ರ ಜೂನ್ 18. ಇದು ಮಿಡ್‌ವೇಗಿಂತ ಕಷ್ಟದ ಪ್ರಶ್ನೆ.

ಜೂನ್ 15ರಂದು ಅಮೆರಿಕದ ಸೈನಿಕರು ಸೈಪಾನ್ ದ್ವೀಪದಲ್ಲಿ ಇಳಿದಿದ್ದರು. ಮರಿಯಾನ ದ್ವೀಪಗಳ ಈ ದಾಳಿಗೆ ಬಂದದ್ದು 500ಕ್ಕೂ ಹೆಚ್ಚು ಹಡಗು, ಸುಮಾರು 1,27,000 ಸೈನಿಕರು. ಪರ್ಲ್ ಹಾರ್ಬರ್ 3 ಸಾವಿರ ಮೈಲಿಗೂ ಆಚೆ. ಸ್ಪ್ರೂಯನ್ಸ್‌ಗೆ ಕೊಟ್ಟ ಆದೇಶದಲ್ಲಿ ಇದ್ದದ್ದು ಸೈಪಾನ್, ಟಿನಿಯನ್, ಗುವಾಮ್ ದ್ವೀಪಗಳನ್ನು ಹಿಡಿದು ಉಳಿಸಿಕೊಳ್ಳುವ ಕೆಲಸ. ಅಷ್ಟರಲ್ಲಿ ಜಪಾನಿನ ಅಡ್ಮಿರಲ್ ಒಜಾವಾ 9 ವಿಮಾನವಾಹಕಗಳೊಂದಿಗೆ ಹೊರಟ ಸುದ್ದಿ ಸಬ್‌ಮರೀನ್‌ಗಳಿಂದ ಬಂತು. ಸ್ಪ್ರೂಯನ್ಸ್ ಬಳಿ ಮಾರ್ಕ್ ಮಿಚರ್ ನಡೆಸುತ್ತಿದ್ದ 15 ವಿಮಾನವಾಹಕಗಳು, 900ರಷ್ಟು ವಿಮಾನಗಳು. ಬಲದಲ್ಲಿ ಹೋಲಿಕೆಯೇ ಇಲ್ಲ.

18ರ ರಾತ್ರಿ, ರೇಡಿಯೊ ಸಂಕೇತದ ದಿಕ್ಕು ಹಿಡಿದು ಒಜಾವಾ ಪಶ್ಚಿಮಕ್ಕೆ ಸುಮಾರು 350 ಮೈಲಿಯಲ್ಲಿದ್ದಾರೆ ಎಂದು ತಿಳಿಯಿತು. ಮಿಚರ್ ಹೇಳಿದರು: ಈಗಲೇ ಪಶ್ಚಿಮಕ್ಕೆ ತಿರುಗೋಣ, ಬೆಳಗಾಗುತ್ತಲೇ ಹೊಡೆಯೋಣ. ಸ್ಪ್ರೂಯನ್ಸ್ ಯೋಚಿಸಿ, ನಡುರಾತ್ರಿ ಕಳೆದ ಮೇಲೆ ಬೇಡ ಎಂದರು.

ಯಾಕೆ? ಸಬ್‌ಮರೀನ್ ಕವಾಲಾ ಕಂಡ ಗುಂಪಿನಲ್ಲಿ ನಿರೀಕ್ಷಿಸಿದಷ್ಟು ಹಡಗುಗಳಿರಲಿಲ್ಲ. ಹಾಗಾದರೆ ಉಳಿದವು ಎಲ್ಲಿ? ಸ್ಟಿಂಗ್‌ರೇ ಎಂಬ ಇನ್ನೊಂದು ಸಬ್‌ಮರೀನ್ ಕಳಿಸಿದ ಸಂದೇಶ ಅರ್ಥವಾಗದಷ್ಟು ಕೆಟ್ಟುಹೋಗಿತ್ತು. ಅದು ಶತ್ರುವನ್ನು ಕಂಡು ಹೇಳಲು ಹೊರಟಿತ್ತೇನೋ ಅನ್ನುವ ಶಂಕೆ ಬಂತು. ಫಿಲಿಪ್ಪೀನ್ಸ್‌ನ ಸೆಬು ಬಳಿ ಸಿಕ್ಕಿದ್ದ ಜಪಾನಿ ಯುದ್ಧ ಯೋಜನೆಯ ಕಾಗದಗಳೂ ತರ್ಜುಮೆಯಾಗಿ ಕೈ ಸೇರಿದ್ದವು. ಜಪಾನ್ ತನ್ನ ಪಡೆಯನ್ನು ಒಡೆದು, ಒಂದನ್ನು ಆಮಿಷಕ್ಕೆ ಇಟ್ಟು, ಇನ್ನೊಂದರಿಂದ ಬೇರೆ ಕಡೆ ಹೊಡೆಯುವುದನ್ನು ಅವರು ಮಿಡ್‌ವೇಯಲ್ಲೇ ಕಂಡಿದ್ದರು. ತಾವು ಪಶ್ಚಿಮಕ್ಕೆ ಹೋದಾಗ ಒಂದು ಗುಂಪು ಸುತ್ತು ಹಾಕಿಕೊಂಡು ಬಂದು ಸೈಪಾನ್ ಕರಾವಳಿಯ ಹಡಗುಗಳ ಮೇಲೆ ಬಿದ್ದರೆ ಏನು ಗತಿ? ಸೈನಿಕರು ಇನ್ನೂ ದಡದ ಹತ್ತಿರವೇ ಕಾದಾಡುತ್ತಿದ್ದರು. ಊಟ, ಮದ್ದುಗುಂಡು, ಆಸ್ಪತ್ರೆ, ಎಲ್ಲವೂ ಹಡಗುಗಳಲ್ಲೇ.

ಇನ್ನೊಂದು ವಿಷಯ ಬಹಳ ಜನ ಹೇಳುವುದೇ ಇಲ್ಲ. ಮುಂದೆ ನುಗ್ಗಿದರೆ ರಾತ್ರಿ ಕಾಳಗವಾದೀತು ಎಂದು ಮಿಚರ್ ಅದೇ ದಿನ ಮುಂಚೆ ಬ್ಯಾಟಲ್‌ಶಿಪ್‌ಗಳ, ಅಂದರೆ ದೊಡ್ಡ ಫಿರಂಗಿ ಹಡಗುಗಳ, ನಾಯಕ ವಿಲ್ಲಿಸ್ ಲೀ ಅವರನ್ನು ಕೇಳಿದ್ದರು, ನೀವು ತಯಾರಾ ಎಂದು. 1942ರ ನವೆಂಬರ್‌ನಲ್ಲಿ ಗ್ವಾಡಲ್‌ಕನಾಲ್ ಬಳಿ ಕತ್ತಲಲ್ಲೇ ಕಿರಿಶಿಮಾ ಎಂಬ ಬ್ಯಾಟಲ್‌ಶಿಪ್ಪನ್ನು ಮುಳುಗಿಸಿದ್ದ ಲೀ ಅವರೇ ಬೇಡ ಎಂದಿದ್ದರು. ಅವರನ್ನು ಯಾರೂ ಅಂಜುಬುರುಕ ಅನ್ನುವುದಿಲ್ಲ, ಅಲ್ವಾ?

ಮರುದಿನ ಒಜಾವಾ ಅವರ ವಿಮಾನಗಳೇ ಅಲೆ ಅಲೆಯಾಗಿ ಬಂದವು. ರಾಡಾರ್ ಅವುಗಳನ್ನು ದೂರದಲ್ಲೇ ತೋರಿಸಿತು. ದಾಳಿಗೆ ಹೋಗಬೇಕಾದ ಒತ್ತಡವಿಲ್ಲದ್ದರಿಂದ ಅಮೆರಿಕದ ಹೆಲ್‌ಕ್ಯಾಟ್ ಫೈಟರ್‌ಗಳೆಲ್ಲ ಕಾವಲಿಗೆ ಸಿಕ್ಕವು. ಸಂಜೆಯ ಹೊತ್ತಿಗೆ ಜಪಾನ್ 300ಕ್ಕೂ ಹೆಚ್ಚು ವಿಮಾನ ಕಳೆದುಕೊಂಡಿತ್ತು. ಅಮೆರಿಕದ ಪೈಲಟ್‌ಗಳು ಆ ದಿನಕ್ಕೆ ಟರ್ಕಿ ಕೋಳಿ ಬೇಟೆ ಎಂದೇ ಹೆಸರಿಟ್ಟರು. ಅದೇ ದಿನ ಸಬ್‌ಮರೀನ್‌ಗಳು ತೈಹೊ ಮತ್ತು ಶೊಕಾಕು ಎಂಬ ಎರಡು ದೊಡ್ಡ ವಿಮಾನವಾಹಕಗಳನ್ನು ಮುಳುಗಿಸಿದವು. 20ರ ಸಂಜೆ ಒಜಾವಾ ಕಣ್ಣಿಗೆ ಬಿದ್ದಾಗ ಮಿಚರ್ 216 ವಿಮಾನ ಬಿಟ್ಟರು. ಹಿಯೊ ಎಂಬ ಇನ್ನೊಂದು ವಿಮಾನವಾಹಕ ಮುಳುಗಿತು. ಮರಳುವಾಗ ಕತ್ತಲು, ಇಂಧನ ಖಾಲಿ. ಮಿಚರ್ ದೀಪ ಹಚ್ಚಿಸಿದರೂ ಸುಮಾರು 80 ವಿಮಾನಗಳು ಸಮುದ್ರಕ್ಕೆ ಬಿದ್ದವು ಅಥವಾ ಡೆಕ್ ಮೇಲೆ ಅಪ್ಪಳಿಸಿದವು. ಅದೃಷ್ಟಕ್ಕೆ ಹೆಚ್ಚಿನ ಜನರನ್ನು ಎತ್ತಿಕೊಂಡರು.

ಒಜಾವಾ ಉಳಿದ 6 ವಿಮಾನವಾಹಕಗಳೊಂದಿಗೆ ತಪ್ಪಿಸಿಕೊಂಡರು. ಇಲ್ಲಿಂದಲೇ ಜಗಳ ಶುರು. ಪೈಲಟ್ ಅಲ್ಲದವರ ಕೈಗೆ ವಿಮಾನವಾಹಕಗಳನ್ನು ಕೊಟ್ಟರೆ ಹೀಗೇ ಆಗುವುದು ಅನ್ನುವ ಮಾತು ಪರ್ಲ್ ಹಾರ್ಬರ್‌ವರೆಗೆ ಹೋಯಿತು. ನೌಕಾಪಡೆಯ ವಿಮಾನ ವಿಭಾಗದ ಹಿರಿಯ ಅಧಿಕಾರಿ ಜಾನ್ ಟವರ್ಸ್, ಸ್ಪ್ರೂಯನ್ಸ್ ಅವರನ್ನು ತೆಗೆಯಬೇಕೆಂದೇ ಕೇಳಿದರು.

ವಿಮರ್ಶಕರ ಮಾತಿನಲ್ಲಿ ಹುರುಳಿದೆ. ಒಜಾವಾ ತಮ್ಮ ಪಡೆಯನ್ನು ಆ ಸಲ ಸುತ್ತು ಹಾಕಿಕೊಂಡು ಬರಲು ಕಳಿಸಿರಲಿಲ್ಲ. ಅಮೆರಿಕದ ಪಡೆಯ ಹುಡುಕಾಟ ಆ ಮೂರು ದಿನ ದುರ್ಬಲವಾಗಿತ್ತು. 15 ವಿಮಾನವಾಹಕಗಳಿದ್ದಾಗ ಕೆಲವನ್ನು ಸೈಪಾನ್ ಬಳಿ ಬಿಟ್ಟು ಉಳಿದವನ್ನು ಕಳಿಸಬಹುದಿತ್ತು ಅನ್ನುವ ವಾದವೂ ಗಟ್ಟಿಯೇ. ಆದರೆ ಇನ್ನೊಂದು ಬದಿ ನೋಡಿ. ಗಾಳಿ ಪೂರ್ವದಿಂದ ಬೀಸುತ್ತಿತ್ತು. ವಿಮಾನ ಬಿಡಲು, ಇಳಿಸಿಕೊಳ್ಳಲು ಹಡಗು ಗಾಳಿಗೆ ಎದುರಾಗಿ ಓಡಬೇಕು. ಅಂದರೆ ಸ್ಪ್ರೂಯನ್ಸ್ ಹಡಗುಗಳು ಪ್ರತಿ ಸಲ ಶತ್ರುವಿನಿಂದ ದೂರಕ್ಕೇ ಓಡಬೇಕಿತ್ತು. ಜಪಾನಿ ವಿಮಾನಗಳಿಗೆ ಹಾರುವ ದೂರವೂ ಜಾಸ್ತಿ. ರಾತ್ರಿಯೆಲ್ಲ ಓಡಿ ಹೋಗಿದ್ದರೂ ಬೆಳಿಗ್ಗೆ ಮೊದಲ ಏಟು ತಮ್ಮದೇ ಆಗುತ್ತಿತ್ತು ಅನ್ನುವ ಖಾತ್ರಿ ಇರಲಿಲ್ಲ. ಜೊತೆಗೆ, ತಪ್ಪಿಸಿಕೊಂಡ ಆ 6 ಹಡಗುಗಳಲ್ಲಿ ಹಾರಲು ವಿಮಾನವೂ ಪಳಗಿದ ಪೈಲಟ್‌ಗಳೂ ಹೆಚ್ಚುಕಡಿಮೆ ಉಳಿದಿರಲಿಲ್ಲ. ವಿಮಾನವಿಲ್ಲದ ವಿಮಾನವಾಹಕ ಬತ್ತಳಿಕೆ ಬರಿದಾದ ಬಿಲ್ಲುಗಾರನಂತೆ. ಹಡಗು ಕಟ್ಟುವುದಕ್ಕಿಂತ ಪೈಲಟ್‌ಗಳನ್ನು ತಯಾರು ಮಾಡುವುದು ಜಪಾನಿಗೆ ಆಗ ಹೆಚ್ಚು ಕಷ್ಟವಾಗಿತ್ತು. ಕೆಲವು ವಾರದ ನಂತರ ಸೈಪಾನ್‌ಗೆ ಬಂದ ನೌಕಾಪಡೆ ಮುಖ್ಯಸ್ಥ ಅರ್ನೆಸ್ಟ್ ಕಿಂಗ್, ಸುಲಭಕ್ಕೆ ಯಾರನ್ನೂ ಹೊಗಳದವರು, ಯಾರು ಏನೇ ಹೇಳಲಿ ನಿಮ್ಮ ತೀರ್ಮಾನ ಸರಿ ಎಂದು ಸ್ಪ್ರೂಯನ್ಸ್‌ಗೆ ನೇರವಾಗಿ ಹೇಳಿದರು.

ನಾಲ್ಕು ತಿಂಗಳ ನಂತರ ಫಿಲಿಪ್ಪೀನ್ಸ್‌ನ ಲೇಟೆ ಕೊಲ್ಲಿಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಪರೀಕ್ಷೆ. ಅದೇ ಹಡಗುಗಳು ಆಗ ಹಾಲ್ಸಿ ಕೈಯಲ್ಲಿದ್ದವು. ಸ್ಪ್ರೂಯನ್ಸ್ ನಡೆಸಿದರೆ ಐದನೇ ಫ್ಲೀಟ್, ಹಾಲ್ಸಿ ನಡೆಸಿದರೆ ಮೂರನೇ ಫ್ಲೀಟ್. ಒಬ್ಬರು ಸಮುದ್ರದಲ್ಲಿರುವಾಗ ಇನ್ನೊಬ್ಬರು ದಡದಲ್ಲಿ ಮುಂದಿನ ಯೋಜನೆ ಹಾಕುತ್ತಿದ್ದರು. ಈ ಸಲ ಒಜಾವಾ ತಪ್ಪಿಸಿಕೊಂಡಿದ್ದ ಹಡಗುಗಳಲ್ಲಿ ನಾಲ್ಕನ್ನು, ಬಹುತೇಕ ಖಾಲಿಯಾಗಿಯೇ, ಉತ್ತರದಲ್ಲಿ ಆಮಿಷವಾಗಿ ತೋರಿಸಿದರು. ಹಾಲ್ಸಿ ತಮ್ಮ ಪಡೆಯನ್ನೆಲ್ಲ ಕಟ್ಟಿಕೊಂಡು ಅತ್ತ ಓಡಿದರು. ಕಾವಲಿಲ್ಲದ ಸ್ಯಾನ್ ಬರ್ನಾರ್ಡಿನೊ ಜಲಸಂಧಿಯಿಂದ ಇನ್ನೊಬ್ಬ ಜಪಾನಿ ಅಡ್ಮಿರಲ್ ಕುರಿಟಾ ಅವರ ದೊಡ್ಡ ಫಿರಂಗಿ ಹಡಗುಗಳು ಹೊರಬಂದವು. ಅಕ್ಟೋಬರ್ 25ರ ಬೆಳಿಗ್ಗೆ ಅವುಗಳಿಗೆ ಎದುರಾದದ್ದು ಆರು ಸಣ್ಣ ಬೆಂಗಾವಲು ವಿಮಾನವಾಹಕಗಳು, ಮೂರು ಡಿಸ್ಟ್ರಾಯರ್‌ಗಳು, ನಾಲ್ಕು ಸಣ್ಣ ಬೆಂಗಾವಲು ಹಡಗುಗಳು ಮಾತ್ರ. ಅವರು ಪ್ರಾಣ ಒತ್ತೆಯಿಟ್ಟು ಹೋರಾಡಿದ್ದರಿಂದ, ಕುರಿಟಾ ಗೊಂದಲಕ್ಕೆ ಬಿದ್ದು ತಿರುಗಿದ್ದರಿಂದ ಲೇಟೆಯ ಹಡಗುಗಳು ಉಳಿದವು. ಸೈಪಾನ್‌ನಲ್ಲಿ ಸ್ಪ್ರೂಯನ್ಸ್ ಯಾವುದಕ್ಕೆ ಹೆದರಿದ್ದರೋ ಅದೇ ಲೇಟೆಯಲ್ಲಿ ಆಯಿತು. ಹಾಗೆಂದು ಹಾಲ್ಸಿಯನ್ನು ಹೀಗಳೆಯಬೇಡಿ. ಸೈಪಾನ್‌ನಲ್ಲಿ ಶತ್ರುವನ್ನು ಬಿಟ್ಟರು ಅನ್ನುವ ದೂರು ಎಲ್ಲರ ಕಿವಿಯಲ್ಲೂ ಇತ್ತು. ಅವಕಾಶ ಸಿಕ್ಕರೆ ಶತ್ರುವಿನ ಮುಖ್ಯ ಪಡೆಯನ್ನು ನಾಶ ಮಾಡುವುದೇ ಮೊದಲ ಕೆಲಸ ಎಂದು ನಿಮಿಟ್ಜ್ ಅವರ ಆದೇಶದಲ್ಲೂ ಈ ಸಲ ಸೇರಿತ್ತು.

ಕೊನೆಯ ವರ್ಷವನ್ನು ಬೇಗ ಹೇಳುತ್ತೇನೆ. ಮುಂದೆ ಎಲ್ಲಿಗೆ ಎಂದು ಕೇಳಿದಾಗ ಸ್ಪ್ರೂಯನ್ಸ್ ಹೇಳಿದ್ದು ಇವೊ ಜಿಮಾ ಮತ್ತು ಓಕಿನಾವಾ. ಕಿಂಗ್‌ಗೆ ಫಾರ್ಮೋಸಾ, ಅಂದರೆ ಇಂದಿನ ತೈವಾನ್ ಮೇಲೆ ಕಣ್ಣಿತ್ತು. ಕೊನೆಗೆ ಸ್ಪ್ರೂಯನ್ಸ್ ಮಾತೇ ನಿಂತಿತು. 1945ರ ಫೆಬ್ರವರಿಯಲ್ಲಿ ಅವರ ವಿಮಾನವಾಹಕಗಳು ಟೋಕಿಯೊ ಮೇಲೇ ದಾಳಿ ಮಾಡಿದವು. ಏಪ್ರಿಲ್ 7ರಂದು ಯಮಾಟೊ ಎಂಬ ದೈತ್ಯ ಬ್ಯಾಟಲ್‌ಶಿಪ್ ಹೊರಟಾಗ ಮೊದಲು ತಮ್ಮ ಬ್ಯಾಟಲ್‌ಶಿಪ್‌ಗಳಿಗೆ ಆ ಕೆಲಸ ಕೊಡಲು ಹೊರಟಿದ್ದರು. ನೀವು ಹೊಡೆಯುತ್ತೀರಾ, ನಾನು ಹೊಡೆಯಲಾ ಎಂದು ಮಿಚರ್ ಕೇಳಿದಾಗ, ನೀವೇ ಹೊಡೆಯಿರಿ ಎಂದು ಬಿಟ್ಟುಕೊಟ್ಟರು.

ಓಕಿನಾವಾದಲ್ಲಿ, ಹೆಚ್ಚಾಗಿ ಆತ್ಮಾಹುತಿ ವಿಮಾನಗಳಿಂದ, ಅಮೆರಿಕದ ನೌಕಾಪಡೆಯೇ ಸುಮಾರು 4,900 ಜನರನ್ನು ಕಳೆದುಕೊಂಡಿತು. ಮಾರ್ಚ್ 31ರಂದು ಸ್ಪ್ರೂಯನ್ಸ್ ಇದ್ದ ಇಂಡಿಯಾನಾಪೊಲಿಸ್ ಕ್ರೂಸರ್‌ಗೆ ಪೆಟ್ಟು ಬಿತ್ತು. ಅವರು ನ್ಯೂ ಮೆಕ್ಸಿಕೊ ಹಡಗಿಗೆ ಹೋದರು. ಮೇ 12ರಂದು ಅದಕ್ಕೂ ಒಂದು ವಿಮಾನ ಅಪ್ಪಳಿಸಿ 50ಕ್ಕೂ ಹೆಚ್ಚು ಜನ ಸತ್ತರು. ಅಡ್ಮಿರಲ್ ಕಾಣುತ್ತಿಲ್ಲ ಎಂದು ಸಿಬ್ಬಂದಿ ಗಾಬರಿಯಿಂದ ಹುಡುಕಿದರೆ, ಅವರು ನಾವಿಕರ ಜೊತೆ ನಿಂತು ಪೈಪ್ ಹಿಡಿದು ಬೆಂಕಿ ಆರಿಸುತ್ತಿದ್ದರು. ಆಗ ಅವರಿಗೆ 58 ವರ್ಷ.

ಯುದ್ಧ ಮುಗಿದ ಮೇಲೆ ನಿಮಿಟ್ಜ್ ಜಾಗದಲ್ಲಿ ಕೆಲವು ತಿಂಗಳು ಪೆಸಿಫಿಕ್ ಪಡೆಯ ಮುಖ್ಯಸ್ಥರಾಗಿದ್ದರು. 1946ರಿಂದ 1948ರವರೆಗೆ ತಮಗೆ ಅತಿ ಪ್ರಿಯವಾದ ವಾರ್ ಕಾಲೇಜಿನ ಅಧ್ಯಕ್ಷರು. ಅಲ್ಲಿ ಸಾಮಗ್ರಿ ಪೂರೈಕೆಯನ್ನೇ ಒಂದು ಪಾಠವಾಗಿ ಸೇರಿಸಿದರು. ಅಷ್ಟು ದೂರದ ಯುದ್ಧ ಗೆದ್ದದ್ದು ಎಣ್ಣೆ ಹಡಗುಗಳಿಂದ, ರಿಪೇರಿ ಹಡಗುಗಳಿಂದ ಅನ್ನುವುದು ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಕಮ್ಮಿ. 1952ರಿಂದ 1955ರವರೆಗೆ ಫಿಲಿಪ್ಪೀನ್ಸ್‌ನಲ್ಲಿ ರಾಯಭಾರಿಯಾಗಿದ್ದರು. 1969ರ ಡಿಸೆಂಬರ್ 13ರಂದು ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನಲ್ಲಿ ತೀರಿಕೊಂಡರು. ಆತ್ಮಕತೆ ಬರೆಯಲಿಲ್ಲ. 1970ರ ದಶಕದಲ್ಲಿ ಅವರ ಹೆಸರಿನಲ್ಲಿ ಒಂದು ಮಾದರಿಯ 31 ಡಿಸ್ಟ್ರಾಯರ್‌ಗಳನ್ನು ಕಟ್ಟಲು ಶುರು ಮಾಡಿದರು.

ಇನ್ನು ಐದು ನಕ್ಷತ್ರದ ಮಾತು. ಕಾನೂನಿನಲ್ಲಿ ನೌಕಾಪಡೆಗೆ ಇದ್ದದ್ದು ನಾಲ್ಕೇ ಜಾಗ. 1944ರ ಡಿಸೆಂಬರ್‌ನಲ್ಲಿ ಲೀಹಿ, ಕಿಂಗ್, ನಿಮಿಟ್ಜ್ ಮೂವರಿಗೆ ಕೊಟ್ಟರು. ನಾಲ್ಕನೆಯದು ಒಂದು ವರ್ಷ ಖಾಲಿ ಇತ್ತು, 1945ರ ಡಿಸೆಂಬರ್‌ನಲ್ಲಿ ಹಾಲ್ಸಿಗೆ ಹೋಯಿತು. ಸೈಪಾನ್ ತೀರ್ಮಾನವೇ ಕಾರಣ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಕಿಂಗ್ ಮತ್ತು ನಿಮಿಟ್ಜ್ ಇಬ್ಬರೂ ಅದನ್ನು ಒಪ್ಪಿದ್ದರು. ಹಾಲ್ಸಿಯ ಮೇಲೂ ಲೇಟೆಯ ಟೀಕೆ ಇತ್ತು, ಡಿಸೆಂಬರ್ 1944ರ ಚಂಡಮಾರುತದಲ್ಲಿ ಮೂರು ಡಿಸ್ಟ್ರಾಯರ್ ಮತ್ತು ಸುಮಾರು 800 ಜನ ಹೋದ ಭಾರವೂ ಇತ್ತು. ಆದರೆ 1942ರ ಕತ್ತಲ ದಿನಗಳಲ್ಲಿ ಅಮೆರಿಕದ ಜನಕ್ಕೆ ಧೈರ್ಯ ತುಂಬಿದ ಮುಖ ಹಾಲ್ಸಿಯದು, ಪತ್ರಿಕೆಗಳಿಗೆ ಗೊತ್ತಿದ್ದ ಹೆಸರೂ ಅದೇ. ಸಂಸತ್ತಿನಲ್ಲಿ ನೌಕಾಪಡೆ ವಿಷಯಗಳ ಮೇಲೆ ಹಿಡಿತವಿದ್ದ ಕಾರ್ಲ್ ವಿನ್ಸನ್ ಅವರ ಒಲವೂ ಹಾಲ್ಸಿ ಕಡೆಗಿತ್ತು. ಸ್ಪ್ರೂಯನ್ಸ್ ನಿವೃತ್ತರಾದಾಗ ಸಂಸತ್ತು ಅವರಿಗೆ ಬದುಕಿರುವವರೆಗೆ ಪೂರ್ತಿ ಅಡ್ಮಿರಲ್ ಸಂಬಳ ಕೊಡುವ ವಿಶೇಷ ಕಾನೂನು ಮಾಡಿತು. ಈ ಬಗ್ಗೆ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ: ಬಿಲ್ ಹಾಲ್ಸಿ ಜೊತೆಗೆ ತಮಗೂ ಆ ಪದವಿ ಬಂದಿದ್ದರೆ ಚೆನ್ನಾಗಿರುತ್ತಿತ್ತು, ಆದರೆ ಹಾಲ್ಸಿಯನ್ನು ಬಿಟ್ಟು ತಮಗೆ ಬಂದಿದ್ದರೆ ಬಹಳ ಬೇಸರವಾಗುತ್ತಿತ್ತು ಎಂದು.